ಇನ್‌ಸ್ಟಾಲ್ ಮಾಡುವಾಗ ಪರದೆ ಕಪ್ಪಾಯಿತೇ? ಕೊನೆಗೆ ಕಂಡದ್ದೇನು ಅಂತ ಮೊದಲು ನೆನಪಿಸಿಕೊಳ್ಳಿ

ಲಿನಕ್ಸೋ ವಿಂಡೋಸೋ ಇನ್‌ಸ್ಟಾಲ್ ಮಾಡೋಣ ಅಂತ ಪೆನ್‌ಡ್ರೈವ್ ಹಾಕಿ ಕಂಪ್ಯೂಟರ್ ಆನ್ ಮಾಡಿದಿರಿ. ತಯಾರಕರ ಲೋಗೋ ಬಂತು. ಮೆನು ಬಂತು. ಇನ್‌ಸ್ಟಾಲ್ ಅಂತ ಇದ್ದ ಸಾಲಿನ ಮೇಲೆ ಎಂಟರ್ ಒತ್ತಿದಿರಿ. ಅಷ್ಟೇ, ಪರದೆ ಕಪ್ಪು. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸುಳಿವೇ ಇಲ್ಲ. ಐದು ನಿಮಿಷ ಕಾದು, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಮತ್ತೆ ಆನ್ ಮಾಡಿದರೂ ಅದೇ ಕಥೆ.

ಇಲ್ಲಿಗೆ ಬಂದ ಮೇಲೆ ಹೆಚ್ಚಿನವರು ಪೆನ್‌ಡ್ರೈವನ್ನು ಮತ್ತೆ ತಯಾರು ಮಾಡಲು ಕೂರುತ್ತಾರೆ, ಇಲ್ಲವೇ ಬೇರೆ ಸಿಸ್ಟಂ ಡೌನ್‌ಲೋಡ್‌ಗೆ ಹಾಕುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಈಗ ಮೊದಲು ಕೇಳುವ ಪ್ರಶ್ನೆ ಒಂದೇ: ಪರದೆಯ ಮೇಲೆ ಕೊನೆಗೆ ಕಂಡದ್ದು ಏನು?

ಯಾಕೆ ಅಂದರೆ, ಆನ್ ಆದಾಗಿನಿಂದ ಡೆಸ್ಕ್‌ಟಾಪ್ ಬರುವವರೆಗೆ ಪರದೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಾ ಇರುತ್ತದೆ. ಮೊದಲು ಅದು ಮದರ್‌ಬೋರ್ಡಿನೊಳಗೇ ಇರುವ ತಂತ್ರಾಂಶದ, ಅಂದರೆ ಫರ್ಮ್‌ವೇರ್ ಕೈಯಲ್ಲಿ, ಅಂದರೆ ಬಯೋಸ್ ಅಥವಾ ಯುಇಎಫ್‌ಐ ಕೈಯಲ್ಲಿ. ಲೋಗೋ ತೋರಿಸುವುದು ಅದೇ. ಆಮೇಲೆ ಬರುವ ಬೂಟ್ ಮೆನುಗೆ ಸ್ವಂತ ಗ್ರಾಫಿಕ್ಸ್ ಡ್ರೈವರ್ ಇರುವುದಿಲ್ಲ, ಫರ್ಮ್‌ವೇರ್ ಸಿದ್ಧಮಾಡಿ ಕೊಟ್ಟ ಪರದೆಯಲ್ಲೇ ಬರೆಯುತ್ತದೆ. ಮೂರನೆಯದು ಕರ್ನೆಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ನಿಜವಾದ ಗ್ರಾಫಿಕ್ಸ್ ಡ್ರೈವರ್ ಎದ್ದೇಳುವುದು ಇಲ್ಲಿ. ಕೊನೆಗೆ ಡೆಸ್ಕ್‌ಟಾಪ್ ಅಥವಾ ಇನ್‌ಸ್ಟಾಲರಿನ ಕಿಟಕಿ. ಯಾರ ಕೈಯಿಂದ ಯಾರ ಕೈಗೆ ಹೋಗುವಾಗ ಚಿತ್ರ ಹೋಯಿತೋ, ಹುಡುಕಬೇಕಾದ್ದು ಅಲ್ಲಿ.

ಸತ್ತಿದೆಯೋ, ಕುರುಡಾಗಿದೆಯೋ

ಪರದೆ ಕಪ್ಪಾದರೆ ಕಂಪ್ಯೂಟರ್ ನಿಂತಿದೆ ಅಂತ ಅರ್ಥ ಅಲ್ಲ. ಕೀಬೋರ್ಡಿನಲ್ಲಿ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಪುಟ್ಟ ದೀಪ ಹತ್ತಿ ಆರುತ್ತಿದ್ದರೆ ಸಿಸ್ಟಂ ಜೀವಂತ ಇದೆ, ಚಿತ್ರ ಮಾತ್ರ ಹೊರಗೆ ಬರುತ್ತಿಲ್ಲ. ಎಷ್ಟು ಒತ್ತಿದರೂ ದೀಪ ಅಲ್ಲಾಡದಿದ್ದರೆ ಒಳಗೇ ಏನೋ ಸಿಕ್ಕಿಹಾಕಿಕೊಂಡಿದೆ. ದೀಪವೇ ಇಲ್ಲದ ಕೀಬೋರ್ಡ್ ಆದರೆ ಪೆನ್‌ಡ್ರೈವಿನ ದೀಪ ಮಿನುಗುತ್ತಿದೆಯಾ ನೋಡಿ.

ಲ್ಯಾಪ್‌ಟಾಪ್ ಆದರೆ ಇನ್ನೊಂದು ಪರೀಕ್ಷೆ. ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಅಕ್ಷರಗಳೋ ಚಿತ್ರವೋ ಮಸುಕಾಗಿ ಕಂಡರೆ ಗ್ರಾಫಿಕ್ಸ್ ಸರಿ ಇದೆ, ಹಿಂದಿನ ಬೆಳಕು ಮಾತ್ರ ಆರಿದೆ. ಮೊದಲು ಬ್ರೈಟ್‌ನೆಸ್ ಕೀ ಒತ್ತಿ ನೋಡಿ. ನಗಬೇಡಿ, ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ. ಆಗದಿದ್ದರೆ, ಹಾಕುತ್ತಿರುವುದು ಲಿನಕ್ಸ್ ಆದರೆ, ಬೂಟ್ ಸಾಲಿಗೆ ‘ಎಸಿಪಿಐ_ಬ್ಯಾಕ್‌ಲೈಟ್=ನೇಟಿವ್’ ಸೇರಿಸಿ, ಅದೂ ಆಗದಿದ್ದರೆ ‘ನೇಟಿವ್’ ಜಾಗದಲ್ಲಿ ‘ವೆಂಡರ್’ ಹಾಕಿ. ಬೂಟ್ ಸಾಲು ಅಂದರೇನು, ಅದಕ್ಕೆ ಸೇರಿಸುವುದು ಹೇಗೆ ಅನ್ನುವುದು ಮುಂದೆ ಬರುತ್ತದೆ.

ಲೋಗೋನೇ ಬರದಿದ್ದರೆ

ಇಲ್ಲಿ ಆಪರೇಟಿಂಗ್ ಸಿಸ್ಟಂ ಇನ್ನೂ ಎದ್ದೇ ಇಲ್ಲ. ಹಾಗಾಗಿ ಅದನ್ನು ಬೈದು ಪ್ರಯೋಜನ ಇಲ್ಲ. ಕೇಬಲ್, ಪೋರ್ಟ್, ಮಾನಿಟರಿನ ಇನ್‌ಪುಟ್ ಆಯ್ಕೆ, ಈ ಮೂರನ್ನು ನೋಡಿ.

ಪೋರ್ಟಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡೆಸ್ಕ್‌ಟಾಪಿನ ಹಿಂದೆ ಎರಡು ಕಡೆ ಎಚ್‌ಡಿಎಂಐ ತೂತು ಇರಬಹುದು. ಯುಎಸ್‌ಬಿ ಪೋರ್ಟ್‌ಗಳ ಪಕ್ಕದಲ್ಲಿ ಇರುವುದು ಮದರ್‌ಬೋರ್ಡಿನದು. ಅದಕ್ಕಿಂತ ಕೆಳಗೆ, ಸಾಮಾನ್ಯವಾಗಿ ಅಡ್ಡಡ್ಡ ಇರುವುದು ಗ್ರಾಫಿಕ್ಸ್ ಕಾರ್ಡಿನದು. ಕಾರ್ಡ್ ಹಾಕಿದ್ದರೆ ಕೇಬಲ್ ಕಾರ್ಡಿಗೇ ಹೋಗಬೇಕು. ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದೇ ಇಲ್ಲ. ಅಂಥ ಕಂಪ್ಯೂಟರಿನಲ್ಲಿ ಮದರ್‌ಬೋರ್ಡಿನ ತೂತಿಗೆ ಕೇಬಲ್ ಹಾಕಿ ಎಷ್ಟು ಹೊತ್ತು ಕೂತರೂ ಚಿತ್ರ ಬರುವುದಿಲ್ಲ.

ಹೊಸದಾಗಿ ಜೋಡಿಸಿದ, ಡಿಡಿಆರ್5 ಮೆಮೊರಿಯ ಕಂಪ್ಯೂಟರ್ ಆದರೆ ಸುಮ್ನೆ ಕಾಯಿರಿ. ಮೊದಲ ಸಲ ಆನ್ ಮಾಡಿದಾಗ ಫರ್ಮ್‌ವೇರ್ ಮೆಮೊರಿಯನ್ನು ಹೊಂದಿಸಿಕೊಳ್ಳುತ್ತದೆ. ಅದಕ್ಕೆ ಕೆಲವು ನಿಮಿಷ ಹಿಡಿಯುತ್ತದೆ, ಅಷ್ಟು ಹೊತ್ತೂ ಪರದೆ ಕಪ್ಪೇ. ಮಧ್ಯೆ ಆಫ್ ಮಾಡಿದರೆ ಮತ್ತೆ ಮೊದಲಿಂದ ಶುರು.

ಹಳೆಯ ಕಾರ್ಡ್ ಇಟ್ಟುಕೊಂಡವರಿಗೆ ಬೇರೆ ತೊಂದರೆ. ಯುಇಎಫ್‌ಐ ಚಿತ್ರ ತೋರಿಸಬೇಕಾದರೆ ಕಾರ್ಡಿನೊಳಗೆ ಜಿಒಪಿ ಅನ್ನುವ ಪುಟ್ಟ ತಂತ್ರಾಂಶ ಇರಬೇಕು. 2012ಕ್ಕೆ ಹಿಂದಿನ ಬಹುಪಾಲು ಕಾರ್ಡ್‌ಗಳಲ್ಲಿ ಅದು ಇಲ್ಲ. ವಿಂಡೋಸ್ 11 ಯುಇಎಫ್‌ಐ ಕೇಳುತ್ತದೆ ಅಂತ ನೀವು ಬಯೋಸ್ ಸೆಟಪ್‌ಗೆ ಹೋಗಿ ಸಿಎಸ್‌ಎಂ, ಅಂದರೆ ಹಳೆಯ ಬಯೋಸ್ ರೀತಿಯಲ್ಲಿ ನಡೆಸುವ ಸೌಲಭ್ಯ, ಆಫ್ ಮಾಡುತ್ತೀರಿ, ಸೇವ್ ಮಾಡುತ್ತೀರಿ. ಅಲ್ಲಿಂದ ಮುಂದೆ ಲೋಗೋ ಕೂಡ ಬರುವುದಿಲ್ಲ, ಸೆಟಪ್‌ಗೆ ವಾಪಸ್ ಹೋಗಲೂ ಕಣ್ಣು ಕಾಣುವುದಿಲ್ಲ. ಆಗ ಕರೆಂಟ್ ತೆಗೆದು, ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ. ಸೆಟ್ಟಿಂಗ್‌ಗಳು ಮೊದಲಿನಂತಾಗುತ್ತವೆ. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಹಳೆಯ ಕಾರ್ಡನ್ನು ತೆಗೆದಿಟ್ಟು ಅದರಲ್ಲೇ ಇನ್‌ಸ್ಟಾಲ್ ಮಾಡುವುದು ಒಳ್ಳೆಯದು.

ಮೆನು ಬಂತು, ಆಮೇಲೆ ಕಪ್ಪು

ಲಿನಕ್ಸ್ ಹಾಕುವವರಿಗೆ ಅತಿ ಹೆಚ್ಚು ಕಾಡುವುದು ಇದೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಹಿಂದೆ ಪರದೆಯ ರೆಸಲ್ಯೂಷನ್ ಹೊಂದಿಸುವುದು ಡೆಸ್ಕ್‌ಟಾಪಿನ ಚಿತ್ರ ತೋರಿಸುವ ಎಕ್ಸ್ ಸರ್ವರ್ ಅನ್ನುವ ಪ್ರೋಗ್ರಾಂ ಕೆಲಸವಾಗಿತ್ತು. 2009ರಲ್ಲಿ ಬಂದ ಕರ್ನೆಲ್ 2.6.29ರಿಂದ, ಮೊದಲು ಇಂಟೆಲ್ ಗ್ರಾಫಿಕ್ಸಿಗೆ, ಆಮೇಲೆ ಉಳಿದವಕ್ಕೆ, ಕರ್ನೆಲ್ಲೇ ಆ ಕೆಲಸ ವಹಿಸಿಕೊಂಡಿತು. ಇದಕ್ಕೆ ಕರ್ನೆಲ್ ಮೋಡ್ ಸೆಟ್ಟಿಂಗ್ ಅಂತ ಹೆಸರು. ಬೂಟ್ ಆಗುವಾಗ ಡ್ರೈವರ್ ಎದ್ದು, ಫರ್ಮ್‌ವೇರ್ ಕೈಯಿಂದ ಪರದೆಯನ್ನು ಕಿತ್ತುಕೊಂಡು, ತನ್ನ ಲೆಕ್ಕದಲ್ಲಿ ಹೊಸದಾಗಿ ಹೊಂದಿಸುತ್ತದೆ. ಡ್ರೈವರ್‌ಗೆ ನಿಮ್ಮ ಕಾರ್ಡಿನ ಪರಿಚಯ ಸರಿಯಾಗಿ ಇಲ್ಲದಿದ್ದರೆ ಕಿತ್ತುಕೊಳ್ಳುವುದೇನೋ ಕಿತ್ತುಕೊಳ್ಳುತ್ತದೆ, ಹೊಂದಿಸಲು ಆಗುವುದಿಲ್ಲ. ಮೆನು ಚೆನ್ನಾಗಿ ಕಂಡು, ಮರುಕ್ಷಣ ಕಪ್ಪಾಗುವುದು ಇದಕ್ಕೇ.

ಇಂಥ ಹೊತ್ತಿಗೆ ಅಂತಲೇ ‘ನೋಮೋಡ್‌ಸೆಟ್’ ಅನ್ನುವ ಆಯ್ಕೆ ಇದೆ. “ಪರದೆಗೆ ಕೈ ಹಾಕಬೇಡ, ಫರ್ಮ್‌ವೇರ್ ಕೊಟ್ಟಿದ್ದರಲ್ಲೇ ನಡೆಸು” ಅಂತ ಕರ್ನೆಲ್‌ಗೆ ಹೇಳಿದ ಹಾಗೆ. ಹಲವು ಇನ್‌ಸ್ಟಾಲರ್‌ಗಳ ಮೆನುವಿನಲ್ಲೇ ಇದು ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ. ಉಬುಂಟುವಿನಲ್ಲಿ ‘ಸೇಫ್ ಗ್ರಾಫಿಕ್ಸ್’. ಲಿನಕ್ಸ್ ಮಿಂಟ್‌ನಲ್ಲಿ ‘ಕಂಪ್ಯಾಟಿಬಿಲಿಟಿ ಮೋಡ್’. ಫೆಡೋರಾದಲ್ಲಿ ‘ಟ್ರಬಲ್‌ಶೂಟಿಂಗ್’ ಒಳಗೆ ‘ಬೇಸಿಕ್ ಗ್ರಾಫಿಕ್ಸ್ ಮೋಡ್’. ಮೊದಲು ಅದನ್ನೇ ಆರಿಸಿ ನೋಡಿ.

ಮೆನುವಿನಲ್ಲಿ ಇಲ್ಲದಿದ್ದರೆ ಕೈಯಿಂದ ಬರೆಯಬೇಕು. ಇನ್‌ಸ್ಟಾಲ್ ಸಾಲಿನ ಮೇಲೆ ನಿಂತು, ಎಂಟರ್ ಬದಲು ‘ಇ’ ಕೀ ಒತ್ತಿ. ನಾಲ್ಕೈದು ಸಾಲಿನ ಒಂದು ಬರಹ ತೆರೆಯುತ್ತದೆ. ‘ಲಿನಕ್ಸ್’ ಎಂಬ ಪದದಿಂದ ಶುರುವಾಗುವ ಸಾಲೇ ನಾನು ಹೇಳಿದ ಬೂಟ್ ಸಾಲು. ಅದರಲ್ಲಿ ಸಾಮಾನ್ಯವಾಗಿ ‘ಕ್ವಯಟ್ ಸ್ಪ್ಲ್ಯಾಶ್’ ಅಂತ ಎರಡು ಪದ ಇರುತ್ತವೆ. ಆ ಎರಡನ್ನೂ ಅಳಿಸಿ ಅಲ್ಲಿ ‘ನೋಮೋಡ್‌ಸೆಟ್’ ಅಂತ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ, ಮಧ್ಯೆ ಜಾಗ ಬಿಡದೆ ಟೈಪ್ ಮಾಡಿ. ಆಮೇಲೆ ಎಫ್10 ಅಥವಾ ಕಂಟ್ರೋಲ್ ಜೊತೆ ಎಕ್ಸ್ ಒತ್ತಿದರೆ ಬೂಟ್ ಆಗುತ್ತದೆ. ತಪ್ಪಾದರೂ ಹೆದರಬೇಡಿ. ಇಲ್ಲಿ ಬರೆದದ್ದು ಈ ಒಂದು ಬೂಟ್‌ಗೆ ಮಾತ್ರ, ಪೆನ್‌ಡ್ರೈವಿನಲ್ಲಿ ಏನೂ ಬದಲಾಗುವುದಿಲ್ಲ.

‘ಕ್ವಯಟ್ ಸ್ಪ್ಲ್ಯಾಶ್’ ಅಳಿಸಲು ಹೇಳಿದ್ದಕ್ಕೆ ಕಾರಣ ಇದೆ. ಅವೆರಡು ಪದ ಬೂಟ್ ಸಂದೇಶಗಳನ್ನು ಮುಚ್ಚಿಟ್ಟು ಚೆಂದದ ಲೋಗೋ ತೋರಿಸುತ್ತವೆ. ತೆಗೆದರೆ ಸಾಲು ಸಾಲು ಬರಹ ಹರಿದು ಹೋಗುತ್ತದೆ. ಎಲ್ಲಿ ನಿಂತಿತೋ ಆ ಕೊನೆಯ ಸಾಲನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ. ಅದರಲ್ಲಿ ‘ನೂವೋ’ (nouveau), ‘ಎಎಂಡಿಜಿಪಿಯು’, ‘ಐ915’ ಅಂತ ಇದ್ದರೆ ನಿಮ್ಮ ಅರ್ಧ ಕೆಲಸ ಮುಗಿಯಿತು. ಅವು ಕ್ರಮವಾಗಿ ಎನ್‌ವಿಡಿಯಾ, ಎಎಂಡಿ, ಇಂಟೆಲ್ ಗ್ರಾಫಿಕ್ಸಿನ ಡ್ರೈವರ್ ಹೆಸರುಗಳು.

ಇಂಟೆಲ್ ಜೊತೆಗೆ ಎನ್‌ವಿಡಿಯಾ ಕೂಡ ಇರುವ ಲ್ಯಾಪ್‌ಟಾಪಿನಲ್ಲಿ ನಾನು ನೋಮೋಡ್‌ಸೆಟ್ ಹಾಕುವುದಿಲ್ಲ. ಅದು ಒಳ್ಳೆಯ ಡ್ರೈವರನ್ನೂ ಕೆಟ್ಟ ಡ್ರೈವರನ್ನೂ ಒಟ್ಟಿಗೆ ಕೆಲಸ ಬಿಡಿಸಿ ಕೂರಿಸಿಬಿಡುತ್ತದೆ. ಅಂಥ ಲ್ಯಾಪ್‌ಟಾಪ್‌ಗಳ ಪರದೆ ಹೆಚ್ಚಾಗಿ ಇಂಟೆಲ್ ಮೂಲಕವೇ ನಡೆಯುತ್ತದೆ. ತಕರಾರು ಮಾಡುವುದು ನೂವೋ ಮಾತ್ರ. ಹಾಗಾಗಿ ‘ಮಾಡ್‌ಪ್ರೋಬ್.ಬ್ಲ್ಯಾಕ್‌ಲಿಸ್ಟ್=ನೂವೋ’ ಅಂತ ಹಾಕಿದರೆ ಅದೊಂದನ್ನೇ ಹೊರಗಿಟ್ಟು ಉಳಿದದ್ದು ಸರಿಯಾಗಿ ನಡೆಯುತ್ತದೆ. ಪೂರ್ತಿ ರೆಸಲ್ಯೂಷನ್ನೂ ಸಿಗುತ್ತದೆ. ಆದರೆ ಎಚ್‌ಡಿಎಂಐ ಪೋರ್ಟ್ ಎನ್‌ವಿಡಿಯಾಕ್ಕೆ ಜೋಡಿಸಿದ್ದರೆ ಹೊರಗಿನ ಮಾನಿಟರ್ ಆಗ ಕೆಲಸ ಮಾಡುವುದಿಲ್ಲ. ಇನ್‌ಸ್ಟಾಲ್ ಮುಗಿಯುವವರೆಗೆ ಅದನ್ನು ಬಿಚ್ಚಿಡಿ. ಡೆಸ್ಕ್‌ಟಾಪಿನಲ್ಲಿ ಎರಡು ಮೂರು ಮಾನಿಟರ್ ಇದ್ದರೂ ಅಷ್ಟೇ, ಒಂದನ್ನು ಮಾತ್ರ ಉಳಿಸಿ. ಇನ್‌ಸ್ಟಾಲರ್ ಇನ್ನೊಂದು ಮಾನಿಟರಿನ ಮೇಲೆ ಆರಾಮಾಗಿ ಕೂತಿರಬಹುದು, ನೀವು ಮಾತ್ರ ಕಪ್ಪು ಪರದೆ ನೋಡುತ್ತಾ ಇರುತ್ತೀರಿ.

ಕಾರ್ಡ್ ತೀರಾ ಹೊಸದು, ಇನ್‌ಸ್ಟಾಲರ್ ಹಳೆಯದು ಅನ್ನುವುದು ಇನ್ನೊಂದು ಸಾಮಾನ್ಯ ಕಾರಣ. ಉಬುಂಟು 24.04 ಬಂದದ್ದು 2024ರ ಏಪ್ರಿಲ್‌ನಲ್ಲಿ, ಅದರ ಕರ್ನೆಲ್ 6.8. ಎಎಂಡಿಯ ಆರ್‌ಎಕ್ಸ್ 9070 ಕಾರ್ಡ್ ಮಾರುಕಟ್ಟೆಗೆ ಬಂದದ್ದು 2025ರ ಮಾರ್ಚ್‌ನಲ್ಲಿ. ಹುಟ್ಟುವ ಮೊದಲೇ ಮಗುವಿನ ಮುಖ ಗುರುತು ಹಿಡಿ ಅಂದರೆ ಆಗುತ್ತದಾ? ಅದೇ ಉಬುಂಟುವಿನ 24.04.3 ಆವೃತ್ತಿಯಲ್ಲಿ ಕರ್ನೆಲ್ 6.14 ಇದೆ. ಆದ್ದರಿಂದ ಹಳೆಯ ಪೆನ್‌ಡ್ರೈವಿನ ಜೊತೆ ಗುದ್ದಾಡುವ ಮೊದಲು, ಅದೇ ಸಿಸ್ಟಂನ ಇತ್ತೀಚಿನ ಇಮೇಜ್, ಅಂದರೆ ಪೆನ್‌ಡ್ರೈವಿಗೆ ಹಾಕುವ ಇನ್‌ಸ್ಟಾಲ್ ಫೈಲ್, ಇಳಿಸಿಕೊಳ್ಳಿ. ಡೆಬಿಯನ್‌ನಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ತೊಡಕಿತ್ತು. ಎಎಂಡಿ ಕಾರ್ಡಿಗೆ ಡ್ರೈವರ್ ತುಂಬಬೇಕಾದ ಫರ್ಮ್‌ವೇರ್ ಫೈಲುಗಳು (ಇದು ಬಯೋಸ್ ಅಲ್ಲ, ಕಾರ್ಡಿನದೇ ತಂತ್ರಾಂಶ) ಮುಕ್ತ ಪರವಾನಗಿಯವು ಅಲ್ಲ ಅಂತ ಮಾಮೂಲಿ ಇಮೇಜಿನಲ್ಲಿ ಇರುತ್ತಿರಲಿಲ್ಲ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಅವು ಜೊತೆಗೇ ಬರುತ್ತವೆ.

ಚಿತ್ರ ಇದೆ, ಆದರೆ ಸರಿ ಇಲ್ಲ

ನೋಮೋಡ್‌ಸೆಟ್ ಹಾಕಿದ ಮೇಲೆ ಎಲ್ಲವೂ ದಪ್ಪ ದಪ್ಪವಾಗಿ, 800 ಬೈ 600 ಅಥವಾ 1024 ಬೈ 768ರಲ್ಲಿ ಕಾಣಬಹುದು. ಅದು ಹೊಸ ದೋಷ ಅಲ್ಲ, ಫರ್ಮ್‌ವೇರ್ ಕೊಟ್ಟ ಪರದೆಯೇ ಅಷ್ಟು. ಆದರೆ ಇನ್‌ಸ್ಟಾಲರಿನ ‘ಮುಂದೆ’ ಬಟನ್ ಪರದೆಯ ಕೆಳಗೆ ಮುಳುಗಿಹೋಗಿ ಗೋಳು ಕೊಡುತ್ತದೆ. ಆಲ್ಟ್ ಕೀ ಹಿಡಿದು, ಕಿಟಕಿಯ ಯಾವುದೇ ಜಾಗದಲ್ಲಿ ಮೌಸ್ ಒತ್ತಿ ಮೇಲಕ್ಕೆ ಎಳೆಯಿರಿ. ಗ್ನೋಮ್ ಡೆಸ್ಕ್‌ಟಾಪ್ ಆದರೆ ಆಲ್ಟ್ ಬದಲು ಸೂಪರ್, ಅಂದರೆ ವಿಂಡೋಸ್ ಚಿಹ್ನೆಯ ಕೀ. ಬಟನ್ ಮೇಲೆ ಬರುತ್ತದೆ.

ಮಾನಿಟರೇ ‘ಔಟ್ ಆಫ್ ರೇಂಜ್’ ಅಂತ ಹೇಳಿದರೆ ಕಂಪ್ಯೂಟರ್ ಚಿತ್ರ ಕಳಿಸುತ್ತಿದೆ, ಆದರೆ ಮಾನಿಟರಿಗೆ ಹಿಡಿಸದ ಅಳತೆಯಲ್ಲಿ. ಪ್ರತಿ ಮಾನಿಟರೂ ತನಗೆ ಯಾವ ಯಾವ ರೆಸಲ್ಯೂಷನ್ ಬರುತ್ತದೆ ಅನ್ನುವ ಪಟ್ಟಿಯನ್ನು ಕೇಬಲ್ ಮೂಲಕ ಕಳಿಸುತ್ತದೆ. ಆ ಪಟ್ಟಿಗೆ ಇಡಿಐಡಿ ಅಂತಾರೆ. ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಅಡಾಪ್ಟರ್, ಎರಡು ಕಂಪ್ಯೂಟರಿಗೆ ಒಂದೇ ಮಾನಿಟರ್ ಹಂಚುವ ಸ್ವಿಚ್, ಇಂಥವು ಕೆಲವೊಮ್ಮೆ ಆ ಪಟ್ಟಿಯನ್ನು ದಾಟಿಸುವುದಿಲ್ಲ. ಅವನ್ನು ತೆಗೆದು ನೇರ ಕೇಬಲ್ ಹಾಕಿ. ಬೇರೆ ದಾರಿಯೇ ಇಲ್ಲ ಅಂದರೆ ಬೂಟ್ ಸಾಲಿನಲ್ಲಿ ‘ವಿಡಿಯೋ=1024ಎಕ್ಸ್768@60’ ಅಂತ ಬರೆದು ಅಳತೆಯನ್ನು ನೀವೇ ಗೊತ್ತುಮಾಡಿ.

ಪರದೆ ತುಂಬ ಬಣ್ಣಬಣ್ಣದ ಚೌಕ, ಗೆರೆ, ಚುಕ್ಕೆ ಬಂದರೆ? ಕಂಪ್ಯೂಟರ್ ಮತ್ತೆ ಆನ್ ಮಾಡಿ ನೇರ ಬಯೋಸ್ ಸೆಟಪ್‌ಗೆ ಹೋಗಿ. ಅಲ್ಲೂ ಗೆರೆ ಇದ್ದರೆ ಸಾಫ್ಟ್‌ವೇರ್ ತಪ್ಪಲ್ಲ. ಕಾರ್ಡ್, ಕೇಬಲ್, ಮಾನಿಟರ್ ಪೈಕಿ ಒಂದು ಹಾಳಾಗಿದೆ. ಬಯೋಸ್‌ನಲ್ಲಿ ಸ್ವಚ್ಛವಾಗಿದ್ದು ಡೆಸ್ಕ್‌ಟಾಪಿನಲ್ಲಿ ಮಾತ್ರ ಬಂದರೆ ಒಂದು ಸ್ಕ್ರೀನ್‌ಶಾಟ್ ತೆಗೆದು, ಅದನ್ನು ಫೋನಿನಲ್ಲಿ ತೆರೆದು ನೋಡಿ. ಫೋನಿನಲ್ಲೂ ಗೆರೆ ಕಂಡರೆ ಚಿತ್ರ ತಯಾರಾಗುವಾಗಲೇ ಕೆಟ್ಟಿದೆ, ಅಂದರೆ ಡ್ರೈವರ್ ಅಥವಾ ಕಾರ್ಡ್. ಫೋನಿನಲ್ಲಿ ಚೆನ್ನಾಗಿದ್ದರೆ ಚಿತ್ರ ತಯಾರಾದ ಮೇಲೆ, ಮಾನಿಟರಿಗೆ ಹೋಗುವ ದಾರಿಯಲ್ಲಿ ಕೆಟ್ಟಿದೆ. ಮೊದಲು ಕೇಬಲ್ ಬದಲಿಸಿ.

ಲ್ಯಾಪ್‌ಟಾಪ್ ಪರದೆ ಆಗಾಗ ಮಿಣುಕುವುದಕ್ಕೆ ಪ್ಯಾನೆಲ್ ಸೆಲ್ಫ್ ರಿಫ್ರೆಶ್ ಅನ್ನುವ ಬ್ಯಾಟರಿ ಉಳಿಸುವ ಸೌಲಭ್ಯ ಕಾರಣ ಇರಬಹುದು. ಇಂಟೆಲ್ ಆದರೆ ‘ಐ915.ಎನೇಬಲ್_ಪಿಎಸ್‌ಆರ್=0’ ಹಾಕಿದರೆ ಅದು ಆಫ್ ಆಗುತ್ತದೆ.

ವಿಂಡೋಸ್ ಹಾಕುವಾಗ

ವಿಂಡೋಸ್ ಸೆಟಪ್ ಮೊದಲಿಂದಲೂ ತನ್ನದೇ ಸರಳ ಡ್ರೈವರಿನಲ್ಲಿ ನಡೆಯುವುದರಿಂದ ಇನ್‌ಸ್ಟಾಲ್ ವೇಳೆ ಪರದೆ ಹೋಗುವುದು ಕಡಿಮೆ. ತೊಂದರೆ ಬರುವುದು ಆಮೇಲೆ, ಇಂಟರ್ನೆಟ್ ಸಿಕ್ಕ ಕೂಡಲೇ ವಿಂಡೋಸ್ ಅಪ್‌ಡೇಟ್ ತಾನಾಗಿ ಗ್ರಾಫಿಕ್ಸ್ ಡ್ರೈವರ್ ಹಾಕಲು ಹೊರಟಾಗ. ಆ ಸಮಯದಲ್ಲಿ ಪರದೆ ಒಂದೆರಡು ಸಲ ಕಪ್ಪಾಗಿ ಬರುವುದು ಸಹಜ. ಪವರ್ ಬಟನ್‌ಗೆ ಕೈ ಹಾಕಬೇಡಿ.

ಬರಲೇ ಇಲ್ಲ ಅಂದರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮಾತ್ರ ಮತ್ತೆ ಶುರುವಾಗುತ್ತದೆ. ಬೀಪ್ ಸದ್ದು ಕೇಳಿದರೆ ಸಿಸ್ಟಂ ಜೀವಂತ ಇದೆ. ಅದರಿಂದಲೂ ಆಗದಿದ್ದರೆ, ವಿಂಡೋಸ್ ಏಳುತ್ತಿರುವಾಗಲೇ ಪವರ್ ಬಟನ್ ಹಿಡಿದು ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ರಿಕವರಿ ಪರದೆ ಬರುತ್ತದೆ. ಅಲ್ಲಿ ‘ಸ್ಟಾರ್ಟಪ್ ಸೆಟ್ಟಿಂಗ್ಸ್’ ತನಕ ಹೋಗಿ 3 ಒತ್ತಿದರೆ ಕಡಿಮೆ ರೆಸಲ್ಯೂಷನ್, 4 ಒತ್ತಿದರೆ ಸೇಫ್ ಮೋಡ್. ಸೇಫ್ ಮೋಡಿನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ ಅನ್‌ಇನ್‌ಸ್ಟಾಲ್ ಮಾಡಿ, ಡ್ರೈವರನ್ನೂ ಅಳಿಸುವ ಟಿಕ್ ಹಾಕಿ. ಆಮೇಲೆ ಕಾರ್ಡ್ ಅಥವಾ ಲ್ಯಾಪ್‌ಟಾಪ್ ತಯಾರಕರ ಡ್ರೈವರನ್ನೇ ಇಳಿಸಿ ಹಾಕಿ.

ಎಲ್ಲ ಸರಿ ಇದ್ದೂ ರೆಸಲ್ಯೂಷನ್ ಮಾತ್ರ ಬದಲಾಗದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಹೆಸರು ನೋಡಿ. ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಅಂತ ಇದ್ದರೆ ನಿಜವಾದ ಡ್ರೈವರ್ ಇನ್ನೂ ಬಂದಿಲ್ಲ, ಅಷ್ಟೇ.

ಇನ್‌ಸ್ಟಾಲ್ ಮುಗಿಯಿತು, ರೀಬೂಟ್ ಆದಮೇಲೆ ಕಪ್ಪು

ಇಲ್ಲಿ ನನ್ನದೇ ಒಂದು ಪಜೀತಿ ಹೇಳಬೇಕು. ಒಮ್ಮೆ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕುವಾಗ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಆಯ್ಕೆಗೆ ಟಿಕ್ ಹಾಕಿದ್ದೆ. ಇನ್‌ಸ್ಟಾಲ್ ಚೆನ್ನಾಗಿಯೇ ಮುಗಿಯಿತು. ರೀಬೂಟ್ ಆದರೆ ಕಪ್ಪು. ಗ್ರಾಫಿಕ್ಸ್ ಡ್ರೈವರಿನದೇ ಕಾಟ ಅಂತ ತೀರ್ಮಾನಿಸಿ ಎರಡು ಸಲ ಮೊದಲಿಂದ ಹಾಕಿದೆ. ಮೂರನೇ ಸಲ ಸಿಟ್ಟಿಗೆ ಎಸ್ಕೇಪ್ ಕೀ ಕುಟ್ಟಿದಾಗ ಒಂದು ಸಾಲು ಎದ್ದು ಬಂತು: ಡಿಸ್ಕಿನ ಪಾಸ್‌ವರ್ಡ್ ಕೊಡಿ. ಪಾಪ, ಅದು ಮೊದಲ ದಿನದಿಂದ ಅದನ್ನೇ ಕೇಳುತ್ತಾ ಕೂತಿತ್ತು. ಬೂಟ್ ಲೋಗೋ ತೋರಿಸುವ ಪ್ರೋಗ್ರಾಂ ಆ ಪ್ರಶ್ನೆಯನ್ನು ಕಾಣದ ಹಾಗೆ ಮಾಡಿತ್ತು. ಕ್ಯಾಪ್ಸ್ ಲಾಕ್ ಒತ್ತಿ ನೋಡಿದ್ದರೆ ಸಿಸ್ಟಂ ಎದ್ದೇ ಇದೆ ಅಂತ ಮೊದಲ ದಿನವೇ ಗೊತ್ತಾಗುತ್ತಿತ್ತು. ಆಗ ನನಗೂ ಆ ಉಪಾಯ ಗೊತ್ತಿರಲಿಲ್ಲ. ಈಗ ಎನ್‌ಕ್ರಿಪ್ಟ್ ಮಾಡಿದ ಕಂಪ್ಯೂಟರಿನಲ್ಲಿ ಕಪ್ಪು ಕಂಡರೆ ಮೊದಲು ಎಸ್ಕೇಪ್ ಒತ್ತುತ್ತೇನೆ.

ಹೆಚ್ಚಿನ ಸಲ ಕಾರಣ ಬೇರೆ ಇರುತ್ತದೆ. ಪೆನ್‌ಡ್ರೈವಿನಿಂದ ಬೂಟ್ ಮಾಡುವಾಗ ನೋಮೋಡ್‌ಸೆಟ್ ಹಾಕಿದ್ದಿರಿ, ಹಾರ್ಡ್‌ಡಿಸ್ಕಿಗೆ ಇಳಿದ ಹೊಸ ಸಿಸ್ಟಂಗೆ ಅದು ಗೊತ್ತಿಲ್ಲ. ಆನ್ ಆಗುವಾಗ ಎಸ್ಕೇಪ್ ಅಥವಾ ಶಿಫ್ಟ್ ಒತ್ತಿದರೆ ಗ್ರಬ್ ಅನ್ನುವ ಲಿನಕ್ಸಿನ ಬೂಟ್ ಮೆನು ಬರುತ್ತದೆ. ಅಲ್ಲಿ ಮತ್ತೆ ‘ಇ’ ಒತ್ತಿ ಅದೇ ಪದ ಸೇರಿಸಿ ಒಳಗೆ ಹೋಗಿ. ಒಳಗೆ ಹೋದ ಕೂಡಲೇ ಸಿಸ್ಟಂ ಅಪ್‌ಡೇಟ್ ಮಾಡಿ, ಎನ್‌ವಿಡಿಯಾ ಆದರೆ ಅದರ ಡ್ರೈವರ್ ಹಾಕಿ.

ಎನ್‌ವಿಡಿಯಾ ಡ್ರೈವರ್ ಹಾಕುವಾಗ ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶವನ್ನು ಬೂಟ್ ವೇಳೆ ತಡೆಯುವ ಸೌಲಭ್ಯ) ಆನ್ ಇದ್ದರೆ ಇನ್‌ಸ್ಟಾಲರ್ ನಿಮ್ಮ ಹತ್ತಿರ ಒಂದು ಹೊಸ ಪಾಸ್‌ವರ್ಡ್ ಕೇಳಬಹುದು. ಅದನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ. ರೀಬೂಟ್ ಆದಾಗ ನೀಲಿ ಬಣ್ಣದ ಪರದೆಯೊಂದು ಬರುತ್ತದೆ. ಅದರಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಏನೋ ಎರರ್ ಇರಬೇಕು ಅಂತ ಆ ನೀಲಿ ಪರದೆಯನ್ನು ದಾಟಿಸಿಬಿಟ್ಟರೆ ಕರ್ನೆಲ್ ಆ ಡ್ರೈವರನ್ನು ನಂಬುವುದಿಲ್ಲ, ಒಳಗೆ ಬಿಡುವುದೂ ಇಲ್ಲ. ಡ್ರೈವರ್ ಹಾಕಿದ್ದೇನೆ, ಆದರೂ ಕೆಲಸ ಮಾಡುತ್ತಿಲ್ಲ ಅನ್ನುವ ಎಷ್ಟೋ ದೂರುಗಳ ಹಿಂದೆ ಇರುವುದು ಆ ಒಂದು ತಪ್ಪಿಹೋದ ಪರದೆ.

ವರ್ಚುವಲ್ ಮೆಷೀನಿನಲ್ಲಿ ಹಾಕುತ್ತಿದ್ದರೆ ಇಷ್ಟೆಲ್ಲ ಬೇಡ. ವರ್ಚುವಲ್‌ಬಾಕ್ಸ್ ಆದರೆ ವಿಡಿಯೋ ಮೆಮೊರಿಯನ್ನು 128 ಎಂಬಿಗೆ ಏರಿಸಿ, 3ಡಿ ಆ್ಯಕ್ಸಲರೇಷನ್ ಟಿಕ್ ತೆಗೆದು ನೋಡಿ.

ಬೇರೆಯವರ ಸಹಾಯ ಕೇಳುವ ಮುಂಚೆ

ಲಿನಕ್ಸಿನಲ್ಲಿ ಪರದೆ ಕಪ್ಪಿದ್ದರೂ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಬರಹದ ಕನ್ಸೋಲ್ ಬರುವ ಸಾಧ್ಯತೆ ಇದೆ. ಬಂದರೆ ಲಾಗಿನ್ ಆಗಿ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಕಮ್ಯಾಂಡ್ ಕೊಡಿ. ವಿಜಿಎ ಅಥವಾ 3ಡಿ ಅಂತ ಇರುವ ಭಾಗದಲ್ಲಿ ಕಾರ್ಡಿನ ಹೆಸರಿರುತ್ತದೆ, ಕೆಳಗೆ ಯಾವ ಡ್ರೈವರ್ ಬಳಕೆಯಲ್ಲಿದೆ ಅಂತ ಇರುತ್ತದೆ. ಡ್ರೈವರಿನ ಸಾಲೇ ಇಲ್ಲದಿದ್ದರೆ ಕಾರ್ಡನ್ನು ಯಾರೂ ಮುಟ್ಟಿಲ್ಲ ಅಂತ ಅರ್ಥ. ಕನ್ಸೋಲೂ ಬರದೆ ಆಫ್ ಮಾಡಬೇಕಾಗಿ ಬಂದಿದ್ದರೆ, ಮುಂದಿನ ಸಲ ನೋಮೋಡ್‌ಸೆಟ್‌ನಲ್ಲಿ ಒಳಗೆ ಹೋಗಿ ‘ಜರ್ನಲ್‌ಸಿಟಿಎಲ್ -ಬಿ -1 -ಪಿ ಇಆರ್‌ಆರ್’ ಕೊಡಿ. ಹಿಂದಿನ ಬೂಟ್‌ನ ತಪ್ಪುಗಳಷ್ಟೇ ಸಿಗುತ್ತವೆ. ಈ ಎರಡರ ಫೋಟೋ, ಕಾರ್ಡಿನ ಹೆಸರು, ಕರ್ನೆಲ್ ಆವೃತ್ತಿ, ಕೊನೆಗೆ ಪರದೆಯಲ್ಲಿ ಕಂಡದ್ದು, ಇಷ್ಟು ಕೊಟ್ಟು ಕೇಳಿದರೆ ಗೊತ್ತಿರುವವರು ಬೇಗ ಉತ್ತರ ಕೊಡುತ್ತಾರೆ. “ಡಿಸ್‌ಪ್ಲೇ ಬರ್ತಿಲ್ಲ, ಏನ್ ಮಾಡ್ಲಿ?” ಅಂತ ಮಾತ್ರ ಕೇಳಿದರೆ ಅವರು ಹತ್ತು ಪ್ರಶ್ನೆ ವಾಪಸ್ ಕೇಳಬೇಕಾಗುತ್ತದೆ, ಅಲ್ವಾ?

ಸರಿಯಾದ ಡ್ರೈವರ್ ಬಂದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ‘ಕ್ಯಾಟ್ /ಪ್ರೋಕ್/ಸಿಎಂಡಿಲೈನ್’ ಅಂತ ಕೊಟ್ಟು ನೋಡಿ. ಅದರಲ್ಲಿ ಇನ್ನೂ ನೋಮೋಡ್‌ಸೆಟ್ ಇದ್ದರೆ ಇನ್‌ಸ್ಟಾಲರ್ ಅದನ್ನು ಹೊಸ ಸಿಸ್ಟಂಗೂ ದಾಟಿಸಿದೆ. ಡೆಬಿಯನ್ ಇನ್‌ಸ್ಟಾಲರ್ ಹೀಗೆ ಮಾಡುತ್ತದೆ, ಬೂಟ್ ಸಾಲಿನಲ್ಲಿ ಮೂರು ಅಡ್ಡಗೆರೆಯ ನಂತರ ಬರೆದದ್ದನ್ನು ಉಳಿಸಿಕೊಳ್ಳುತ್ತದೆ. ಅದು ಹಾಗೇ ಇದ್ದರೆ ಬ್ರೈಟ್‌ನೆಸ್ ಬದಲಾಗುವುದಿಲ್ಲ, ಎರಡನೇ ಮಾನಿಟರ್ ಬರುವುದಿಲ್ಲ, ಪ್ರೊಸೆಸರೇ ಚಿತ್ರ ಬಿಡಿಸುತ್ತಾ ಕೂತು ವಿಡಿಯೋ ನೋಡುವಾಗ ಫ್ಯಾನ್ ಕಿರುಚುತ್ತದೆ. ‘/ಇಟಿಸಿ/ಡಿಫಾಲ್ಟ್/ಗ್ರಬ್’ ಫೈಲ್ ತೆರೆದು ಆ ಪದ ಅಳಿಸಿ. ಡೆಬಿಯನ್, ಉಬುಂಟು, ಮಿಂಟ್‌ಗಳಲ್ಲಿ ‘ಸುಡೋ ಅಪ್‌ಡೇಟ್-ಗ್ರಬ್’ ಕೊಟ್ಟು ರೀಬೂಟ್ ಮಾಡಿ. ಮೆನು ಹೋಗಿ ಒಂದು ಕ್ಷಣ ಕಪ್ಪಾಗುತ್ತದೆ, ಡ್ರೈವರ್ ಪರದೆಯನ್ನು ತೆಗೆದುಕೊಳ್ಳುವ ಕ್ಷಣ ಅದು. ಈ ಸಲ ಚಿತ್ರ ವಾಪಸ್ ಬರುತ್ತದೆ, ಅಕ್ಷರಗಳು ಸಣ್ಣದಾಗಿ, ಚೂಪಾಗಿ.